ಸ್ಟೀಲ್ ತಟ್ಟೆಯ ಮೇಲಿನ ಪ್ಲಾಸ್ಟಿಕ್

ವಸಂತಕ್ಕ,

ಸಿಡಿಲು ಬಡಿಯಿತಕ್ಕ, ನನ್ನ ತಲೆಗೆ! ನೀವು ಫೋನ್ ಎತ್ತುವುದಿಲ್ಲ, ಈ ಕಾಗದವನ್ನು ನಾನು ಕಳಿಸುವುದೂ ಇಲ್ಲ. ಆದರೂ ಕೇಳಿ.

ಇವತ್ತು ಇಲ್ಲಿನ ಉಮ್ಮ್ ಸಲಾಲ್ ಊರಿನಲ್ಲಿ ಸೀನಪ್ಪಣ್ಣನ ಮಗಳ ಸೀಮಂತ. ಬಿಸಾಡುವ ತಟ್ಟೆ ಯಾರೂ ಬಳಸದಿರಲಿ ಎಂದು ನಾವಿಬ್ಬರೂ ಬಾಡಿಗೆಗೆ ಕೊಡಲು ಶುರುಮಾಡಿದೆವಲ್ಲ, ಅದೇ ಸ್ಟೀಲ್ ತಟ್ಟೆಗಳಲ್ಲಿ ಊಟ. ಮೈಕ್ ಹಿಡಿದು, ರಂಗದ ಮೇಲಿನ ನನ್ನ ರಾವಣನ ಗತ್ತಿನಲ್ಲೇ ಗರ್ಜಿಸಿದೆ: "ಮಹಾಜನಗಳೇ, ಈ ಮರುಭೂಮಿಗೆ ಒಂದು ಚೂರು ಕಸವನ್ನೂ ಸೇರಿಸದ ಭೋಜನವಿದು!"

ಚಪ್ಪಾಳೆಯೋ ಚಪ್ಪಾಳೆ! ವೇದಿಕೆ ಇಳಿದು ನೋಡುತ್ತೇನೆ, ಪ್ರತಿ ತಟ್ಟೆಯ ಮೇಲೂ ಪ್ಲಾಸ್ಟಿಕ್ ಶೀಟ್! ಅನ್ನ, ಸಾರು, ಪಾಯಸ ಎಲ್ಲವೂ ಅದರ ಮೇಲೆ!

"ಯಾರ ಕೆಲಸ ಇದು?"

"ನಮ್ಮದೇ ಸರ್," ಎಂದಳು, ನಿಮ್ಮ ಜಾಗಕ್ಕೆ ನಾನು ತಂದ ಗ್ರೀಷ್ಮಾ. "ತೊಳೆಯುವ ರಗಳೆ ಖಲಾಸ್. ಅದಕ್ಕೇ ಅಲ್ವಾ ಆರ್ಡರ್ ಡಬಲ್ ಆದದ್ದು?"

ಸೀನಪ್ಪಣ್ಣ ತನ್ನ ಎಂಜಲು ಶೀಟನ್ನು ಮುದುಡಿ ಎಸೆದು, ತಟ್ಟೆಯನ್ನು ಎತ್ತಿ ತೋರಿಸಿದರು. "ಎಂಥ ಐಡಿಯಾ ಮಾರಾಯಾ! ಮಗನ ಮದುವೆಗೂ ಹೀಗೇ ಮಾಡಿಬಿಡು."

ಆಗುವುದಿಲ್ಲ ಎನ್ನಲು ಬಾಯಿ ತೆರೆದೆ. ಡಬಲ್ ಆದ ಆರ್ಡರ್‌ಗಳು ಕಣ್ಣ ಮುಂದೆ ಬಂದವು.

"ಯಲ್ಲಾ, ಆಯ್ತು ಬಿಡಿ, ಕನ್ಫರ್ಮ್!" ಎಂದಳು ಗ್ರೀಷ್ಮಾ.

ನಾನು ಸೀನಪ್ಪಣ್ಣನಿಗೆ ಬಾಗಿ ಕೈ ಮುಗಿದೆನಕ್ಕ.