ಲಕೋಟೆಯನ್ನು ನೀರಿಗೆ ಹಾಕುವ ಮುನ್ನ

ದೊಡ್ಡನೀರಿನ ನೂರ ಎಂಬತ್ತಾರನೆಯ ವರ್ಷ,
ಹದಿಮೂರನೆಯ ತಿಂಗಳ ಅಮಾವಾಸ್ಯೆ, ಬೆಳಗು.
ತೊರೆನಾಳದ ಈಚೆ ದಂಡೆ, ಚೀಟಿಮನೆಯಿಂದ.

ಶ್ರೀಮತಿ ಪ್ರಮೀಳಾ ಹಂಚಿನಾಳ ಅವರಿಗೆ ಚೀಟಿಗಾರ್ತಿ ಬಾಳವ್ವ ಮಾಡುವ ಶರಣು.

ಮೇಲಿನ ತಾರೀಖು ನೋಡಿ ನೀವು ನಗಬಹುದು. ಮಳೆ ತನ್ನ ಕಾಲ ಬಿಟ್ಟು ಅಲೆಯತೊಡಗಿದ ಮೇಲೆ ಹನ್ನೆರಡು ತಿಂಗಳು ನಮಗೆ ಸಾಲದಾದವು. ಯಾವ ತಿಂಗಳಿಗೂ ಸೇರದ ದಿನಗಳನ್ನು ಕೂಡಿಸಿ ಹದಿಮೂರನೆಯದೊಂದನ್ನು ಮಾಡಿಕೊಂಡಿದ್ದೇವೆ. ಕೆಲವು ಪದಗಳೂ ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಬೇಕು. ನಿಮ್ಮ ಕಾಲದ ಬರವಣಿಗೆಯನ್ನು ನಾನು ಕಲಿತದ್ದು ನಿಮ್ಮ ಆಲ್ಬಮ್ಮಿನಿಂದಲೇ. ಅಂಟಿಸಿದ ಅಂಚೆಚೀಟಿಗಳ ಕೆಳಗೆ ನೇರಳೆ ಶಾಯಿಯಲ್ಲಿ ನೀವು ಬರೆದ ಸಾಲುಗಳೇ ನನ್ನ ಪಾಠ. ಹಾಗಾಗಿ ನನ್ನ ಮಾತು ಅಲ್ಲಲ್ಲಿ ಅಂಚೆ ಕಚೇರಿಯ ಪ್ರಕಟಣೆಯಂತಿದ್ದರೆ ಅರ್ಧ ತಪ್ಪು ನಿಮ್ಮದು.

ಈ ಕಾಗದ ನಿಮ್ಮ ಕೈಗೆ ಹೇಗೆ ಬಂತೆಂದು ಕೇಳಬೇಡಿ, ನನಗೂ ಗೊತ್ತಿಲ್ಲ. ನಮ್ಮ ಸ್ನಾನಘಟ್ಟದ ಮೆಟ್ಟಿಲಿನ ಕೆಳಗೆ ಹೊಳೆ ಒಂದು ಕಡೆ ಹಿಮ್ಮುಖವಾಗಿ ಸುತ್ತುತ್ತದೆ. ಜೇನುಮೇಣದಲ್ಲಿ ಅದ್ದಿದ ಕಾಗದವನ್ನು ಆ ಸುಳಿಗೆ ಹಾಕಿದರೆ ಅದು ಹಿಂದಿನವರಿಗೆ ತಲುಪುತ್ತದೆ ಎಂದು ನಮ್ಮವರ ನಂಬಿಕೆ. ಇದನ್ನು ಹಿಂದಂಚೆ ಎನ್ನುತ್ತೇವೆ. ಹೆಂಗಸರು ತೀರಿಕೊಂಡ ತಾಯಂದಿರಿಗೆ ಕಾಗದ ಹಾಕಿ, ಕಣ್ಣೊರೆಸಿಕೊಂಡು, ಬಟ್ಟೆ ಒಗೆದುಕೊಂಡು ಮನೆಗೆ ಬರುತ್ತಾರೆ. ಯಾರಿಗೂ ಉತ್ತರ ಬಂದದ್ದನ್ನು ನಾನು ಕಂಡಿಲ್ಲ. ನನಗೆ ಇದರಲ್ಲಿ ಎಳ್ಳಷ್ಟೂ ನಂಬಿಕೆ ಇರಲಿಲ್ಲ. ಇವತ್ತು ಬೇರೆ ದಾರಿ ಇಲ್ಲದ್ದರಿಂದ ನಂಬುತ್ತಿದ್ದೇನೆ.

ಮೇಲಿನ ಅಣೆಕಟ್ಟುಗಳು ಒಂದರ ಹಿಂದೊಂದು ಒಡೆದು ದೊಡ್ಡನೀರು ಬಂದಾಗ ಊರು, ರಸ್ತೆ, ಸೇತುವೆ, ಕಾಗದಪತ್ರ ಎಲ್ಲವೂ ಹೋದವು. ಕಟ್ಟುವ ವಿದ್ಯೆ ಗೊತ್ತಿದ್ದವರೂ ಹೋದರು. ಉಳಿದವರಿಗೆ ಕೆಸರಿನಲ್ಲಿ ಒಂದು ಉಕ್ಕಿನ ಟ್ರಂಕು ಸಿಕ್ಕಿತು. ಅದರೊಳಗೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟ ನಿಮ್ಮ ಆಲ್ಬಮ್ ಇತ್ತು. ನೀವು ದೇಶದೇಶದ ಅಂಚೆಚೀಟಿಗಳನ್ನು ಕೂಡಿಸಿದ್ದಿರಿ, ಅದೂ ಸೇತುವೆಯ ಚಿತ್ರವಿದ್ದವನ್ನು ಮಾತ್ರ. ಹೂವು, ಹಕ್ಕಿ, ರಾಜರಾಣಿಯರನ್ನು ಬಿಟ್ಟು ಇದೇನು ಹುಚ್ಚು ಎಂದು ನಿಮ್ಮ ಮನೆಯವರು ಕೇಳಿರಬೇಕು. ಆ ಹುಚ್ಚಿನಿಂದಲೇ ನಾವು ಸೇತುವೆ ಎಂಬುದೊಂದು ಇತ್ತೆಂದು ತಿಳಿದೆವು. ಹೊಳೆಯ ಮೇಲೆ ಮನುಷ್ಯರು ಒದ್ದೆಯಾಗದೆ ನಡೆದು ಹೋಗುತ್ತಿದ್ದರು ಎಂದರೆ ನನ್ನ ಅಜ್ಜಿಯ ಕಾಲದ ಮಕ್ಕಳು ಕಿಸಕ್ಕನೆ ನಗುತ್ತಿದ್ದರಂತೆ. ಚೀಟಿ ತೋರಿಸಿದ ಮೇಲೆ ಬಾಯಿ ಮುಚ್ಚುತ್ತಿದ್ದರು.

ನಮ್ಮ ಬದುಕು ಈಗ ಆ ಚೀಟಿಗಳ ಸುತ್ತ ಬೆಳೆದಿದೆ. ಅವನ್ನು ಇಟ್ಟ ಕಲ್ಲಿನ ಕೋಣೆಯೇ ಚೀಟಿಮನೆ, ನೋಡಿಕೊಳ್ಳುವವಳು ಚೀಟಿಗಾರ್ತಿ. ನನಗೆ ಇದು ಅವ್ವನಿಂದ ಬಂದ ಕೆಲಸ. ಚಿಮಟವಿಲ್ಲದೆ ಚೀಟಿ ಮುಟ್ಟುವಂತಿಲ್ಲ, ಮಳೆಗಾಲದಲ್ಲಿ ಪುಟ ತೆರೆಯುವಂತಿಲ್ಲ, ಆಲ್ಬಮ್ಮಿನ ಎದುರು ಸುಳ್ಳು ಹೇಳುವಂತಿಲ್ಲ. ನಮ್ಮ ಹೆಣ್ಣುಮಕ್ಕಳು ಅಂಗಳದಲ್ಲಿ ಹಲ್ಲುಹಲ್ಲಾದ ಅಂಚಿನ ರಂಗೋಲಿ ಹಾಕುತ್ತಾರೆ. ಮದುವೆಯ ದಿನ ಜೋಳದ ರೊಟ್ಟಿಯ ಅಂಚನ್ನೂ ಹಾಗೆಯೇ ಚಿವುಟಿ ಬೇಯಿಸುತ್ತಾರೆ. ಒಂದು ಚೀಟಿಯ ಮೇಲೆ ಬಿದ್ದ ಠಸ್ಸೆಯ ಅಲೆಗೆರೆಗಳನ್ನು ಹಿರಿಯರು ಬಹಳ ಕಾಲ ಪ್ರವಾಹದ ಮಟ್ಟವೆಂದೇ ತಿಳಿದು, ಅಷ್ಟು ಎತ್ತರಕ್ಕೆ ಮನೆಗಳ ಪಾಯ ಹಾಕಿಸಿದ್ದರು. ಅದು ಅಂಚೆ ಕಚೇರಿಯವರು ಗುದ್ದಿದ ಮುದ್ರೆ ಎಂದು ಹೇಳಿದ್ದಕ್ಕೆ ನನ್ನ ಅವ್ವನಿಗೆ ವರ್ಷವಿಡೀ ಯಾರೂ ಮೊಸರು ಕೊಡಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ. ಚೀಟಿ ಸುಳ್ಳು ಹೇಳುತ್ತದೆ ಎಂದರೆ ನಮ್ಮಲ್ಲಿ ಏನಾಗುತ್ತದೆ ಎಂಬುದು ಮುಂದಿನ ಮಾತಿಗೆ ಬೇಕು.

ನಿಮ್ಮ ಆಲ್ಬಮ್ಮಿನ ನಡುವಿನ ಪುಟದಲ್ಲಿ ನಮ್ಮದೇ ತೊರೆನಾಳ ಸೇತುವೆಯ ಚೀಟಿ ಇದೆ. ಅದು ಕೆಂಗಲ್ಲಿನ ಕಮಾನುಗಳ ಸೇತುವೆ. ಎರಡೂ ಬದಿಗೆ ಸಣ್ಣ ಕಮಾನುಗಳು, ನಡುವೆ ಮಾತ್ರ ಹೊಳೆಯನ್ನು ಒಂದೇ ನೆಗೆತಕ್ಕೆ ದಾಟುವ ಭಾರಿ ಕಮಾನು. ಆ ಕಮಾನಿನ ಕೆಳಗಿನ ಖಾಲಿ ಜಾಗದಲ್ಲಿ ಕೊಕ್ಕೆಯಂಥ ದೊಡ್ಡ ಗುರುತು. ಕಳೆದ ಹತ್ತಾರು ವರ್ಷಗಳಿಂದ ಊರು ಆ ಸೇತುವೆಯನ್ನು ಮತ್ತೆ ಕಟ್ಟುತ್ತಿದೆ. ಕಟ್ಟದೆ ವಿಧಿಯಿಲ್ಲ. ವೈದ್ಯರಿರುವುದೂ ಉಪ್ಪಿನ ಸಂತೆ ನಡೆಯುವುದೂ ಆಚೆ ದಂಡೆಯಲ್ಲಿ, ಪ್ರತಿ ಮಳೆಗಾಲ ಹರಗೋಲು ಮಗುಚಿ ಯಾರಾದರೂ ಹೋಗುತ್ತಾರೆ. ಚೀಟಿಯನ್ನು ಭೂತಗನ್ನಡಿಯ ಕೆಳಗೆ ಇಟ್ಟು ಕಲ್ಲುಕುಟಿಗರಿಗೆ ತೋರಿಸುವುದು ನನ್ನ ಕೆಲಸ. ನೋಡಿ ಅಳತೆ ಹಾಕಿ ಕಟ್ಟಿಸಿದವಳು ನನ್ನ ಮಗಳು ಹುಲಿಗೆವ್ವ. ಅವಳು ಈ ದಂಡೆಯ ಮೇಸ್ತ್ರಿ. ಮಗಳೆಂದು ಹೇಳುತ್ತಿಲ್ಲ, ಅವಳು ಇಟ್ಟ ಕಲ್ಲಿನ ಸಂದಿಯಲ್ಲಿ ಇರುವೆಯೂ ನುಸುಳುವುದಿಲ್ಲ. ಕೊಕ್ಕೆಯ ಗುರುತೇ ದೊಡ್ಡ ಕಮಾನನ್ನು ಹಿಡಿದು ನಿಲ್ಲಿಸುವ ರಕ್ಷೆ ಎಂದು ಹಿರಿಯರು ಹೇಳಿದ್ದರಿಂದ, ಕಮಾನಿನ ನೆತ್ತಿಯ ಕಲ್ಲಿನಲ್ಲಿ ಅವಳು ಅದನ್ನೂ ಕೆತ್ತಿದ್ದಾಳೆ.

ಅಮ್ಮಾ, ಆ ಕೊಕ್ಕೆ ಏನೆಂದು ನಿಮಗೂ ನನಗೂ ಗೊತ್ತು. ಅದು ನಿಮ್ಮ ಕಾಲದ ಅಂಕಿ, ಐದು. ಐದು ರೂಪಾಯಿ ಎಂಬ ಬೆಲೆ.

ಈ ಬೇಸಿಗೆಯಲ್ಲಿ ಹೊಳೆ ನಾನು ಎಂದೂ ಕಾಣದಷ್ಟು ಇಳಿಯಿತು. ಎಮ್ಮೆ ಹುಡುಕಿಕೊಂಡು ಪಾತ್ರಕ್ಕೆ ಇಳಿದವಳು, ನಮ್ಮ ದೊಡ್ಡ ಕಮಾನಿನ ನೇರ ಕೆಳಗೆ, ಹೊಳೆಯ ಸರಿ ನಡುವೆ, ಪಾಚಿ ಕಟ್ಟಿದ ಒಂದು ಮೋಟುಗಂಬವನ್ನು ಕಂಡೆ. ಕೆತ್ತಿದ ಕೆಂಗಲ್ಲು, ಹಳೆಯ ಸೇತುವೆಯ ಉಳಿದ ಮೋಟುಗಳಿಗಿಂತ ದಪ್ಪ, ಅವುಗಳ ಸಾಲಿನಲ್ಲೇ ನಿಂತಿದೆ. ಅಂದರೆ ಹೊಳೆಯನ್ನು ಒಂದೇ ನೆಗೆತಕ್ಕೆ ದಾಟುವ ಕಮಾನು ಯಾವತ್ತೂ ಇರಲೇ ಇಲ್ಲ. ನಡುವೆ ಕಂಬವಿತ್ತು. ಎಮ್ಮೆಯನ್ನು ಅಲ್ಲೇ ಬಿಟ್ಟು ಓಡಿದೆ.

ಊರ ಹಿರಿಯ ಶಿದ್ರಾಮಪ್ಪ ಬಂದು ನೋಡಿದ, ಗಡ್ಡ ಸವರಿಕೊಂಡ. “ಬಾಳಕ್ಕಾ, ಅದು ದೋಣಿ ಕಟ್ಟೋ ಕಲ್ಲ ಇದ್ದೀತು. ಚೀಟ್ಯಾಗ ಇಲ್ಲಂದ್ರ ಸೇತುವ್ಯಾಗೂ ಇಲ್ಲ. ಚೀಟಿ ಕಾಯಾಕಿ ನೀನ ಹಿಂಗಂದ್ರ ಮಂದಿ ಏನಂದಾರು?” ಎಂದ. ಆತ ಕೆಟ್ಟವನಲ್ಲ. ಹೋದ ವರ್ಷ ಹರಗೋಲಿನಲ್ಲಿ ಮೊಮ್ಮಗಳನ್ನು ಕಳೆದುಕೊಂಡವನು. ಸೇತುವೆ ಮುಗಿಯುವುದನ್ನು ತಡೆಯುವ ಯಾವ ಮಾತೂ ಅವನ ಕಿವಿಗೆ ಇಳಿಯುವುದಿಲ್ಲ. ಮರುವಾರ ಮೇಲೆಲ್ಲೋ ಮಳೆಯಾಗಿ ನೀರು ಏರಿತು, ಮೋಟುಗಂಬ ಮುಳುಗಿತು.

ನಾನು ಚೀಟಿಮನೆಗೆ ಬಂದು ಬಾಗಿಲು ಹಾಕಿಕೊಂಡು ಆಲ್ಬಮ್ ತೆರೆದೆ. ಚೀಟಿ ಹೊರಬಂದ ಮೊದಲ ದಿನ ನಿಮ್ಮ ಅಂಚೆಯವರು ಠಸ್ಸೆ ಹಾಕಿ ಕೊಡುತ್ತಿದ್ದ ಲಕೋಟೆಗಳಲ್ಲಿ ನೀವು ಇಡಿಯಾಗಿ ಉಳಿಸಿದ್ದು ಅದರಲ್ಲಿ ಒಂದೇ ಒಂದಿದೆ, ಕಡಲ ತೀರದ ಯಾವುದೋ ಸೇತುವೆಯದು. ಅದರ ಬಲಕ್ಕೆ ಚೀಟಿ, ಠಸ್ಸೆ. ಎಡಕ್ಕೆ ಅದೇ ಸೇತುವೆಯ ದೊಡ್ಡ ಚಿತ್ರ. ಎರಡನ್ನೂ ಗಾಜಿನ ಕೆಳಗೆ ಇಟ್ಟು ಹೋಲಿಸಿದೆ. ಎಡಗಡೆಯ ಚಿತ್ರದಲ್ಲಿ ಇರುವ ಒಂದು ಕಂಬ ಬಲಗಡೆಯ ಚೀಟಿಯಲ್ಲಿ ಇಲ್ಲ. ಅದು ಇರಬೇಕಾದ ಜಾಗದಲ್ಲಿ ಬೆಲೆ ಕುಳಿತಿದೆ. ಚೀಟಿ ಬರೆದ ಕಲಾವಿದನಿಗೆ ಬೆರಳುಗುರಿನಷ್ಟು ಕಾಗದದಲ್ಲಿ ಅಂಕಿಗೆ ಜಾಗ ಬೇಕಿತ್ತು, ಕಂಬವನ್ನು ತೆಗೆದುಹಾಕಿದ. ಅವನನ್ನು ಬೈದು ಏನು ಪ್ರಯೋಜನ, ಅವನು ಚಿತ್ರ ಬರೆದ, ಸೇತುವೆ ಕಟ್ಟಲು ಹೇಳಲಿಲ್ಲ. ಅದನ್ನು ಹಿರಿಯರಿಗೆ ತೋರಿಸಿದೆ. ಅದು ಬೇರೆ ಸೇತುವೆ, ನಮ್ಮದರ ಲಕೋಟೆ ತೋರಿಸು ಎಂದರು.

ನಮ್ಮದರ ಲಕೋಟೆ ಇಲ್ಲ. ಏಕೆ ಇಲ್ಲವೆಂದು ನೀವೇ ಬರೆದಿಟ್ಟಿದ್ದೀರಿ: “ತೊರೆನಾಳ ಸೇತುವೆ. ಬೆಲೆ ಐದು. ಪ್ರಥಮ ದಿನದ ಲಕೋಟೆಯಿಂದ ನೀರಲ್ಲಿ ನೆನೆಸಿ ಬಿಡಿಸಿದ್ದು, ದೀಪಾವಳಿ ರಜೆ. ಲಕೋಟೆ ದೊಡ್ಡದು, ಪುಟದಲ್ಲಿ ಹಿಡಿಯಲಿಲ್ಲ.”

ನನಗೆ ನಿಮ್ಮ ಮೇಲೆ ಸಿಟ್ಟಿದೆ, ಮುಚ್ಚಿಡುವುದಿಲ್ಲ. ಚಿಕ್ಕಂದಿನಿಂದ ನಿಮ್ಮ ಅಕ್ಷರ ನೋಡಿ ಬೆಳೆದವಳು ನಾನು. ಇನ್ನೊಂದು ಸಿಕ್ಕರೆ ಶಾರದಾಗೆ ಕೊಡಬೇಕು ಎಂದು ನೀವು ಬರೆದುಕೊಂಡ ಕಡೆಯಲ್ಲೆಲ್ಲ, ಆ ಶಾರದಾ ಯಾರೋ, ಅವಳಿಗೆ ಸಿಕ್ಕಿತೋ ಇಲ್ಲವೋ ಎಂದು ಕಳವಳಪಟ್ಟವಳು. ಅಷ್ಟು ಪ್ರೀತಿಯಿಂದ ಕೂಡಿಸಿದವರು, ಪುಟದಲ್ಲಿ ಹಿಡಿಯಲಿಲ್ಲವೆಂದು ಒಂದು ಸೇತುವೆಯ ನಡುಗಂಬವನ್ನು ಹಿತ್ತಲಿಗೆ ಎಸೆದಿರಿ. ಚೀಟಿಯೇ ಮುಖ್ಯ, ಅದು ಅಂಟಿದ್ದ ಕಾಗದ ಕಸ ಎಂಬ ನಿಮ್ಮವರ ಅಭ್ಯಾಸ ನನಗೆ ಯಾವತ್ತೂ ಅರ್ಥವಾಗಿಲ್ಲ.

ಈಗ ಇವತ್ತಿನ ಸಂಗತಿ. ಕಮಾನು ಕಟ್ಟುವಾಗ ಕಲ್ಲುಗಳು ಬೀಳದಂತೆ ಕೆಳಗೆ ಮರದ ಆಸರೆ ಕೊಡುತ್ತಾರೆ. ನಿಮ್ಮ ಕಾಲದ ಸೆಂಟ್ರಿಂಗ್ ಎಂಬ ಮಾತು ನಮ್ಮಲ್ಲೂ ಹಾಗೆಯೇ ಉಳಿದಿದೆ. ಕೆಲಸ ಮುಗಿದ ದಿನ ಅದನ್ನು ಬಡಿದು ಬೀಳಿಸುತ್ತಾರೆ. ಆಗ ಕಟ್ಟಿದ ಮೇಸ್ತ್ರಿ ಕಮಾನಿನ ನೆರಳಿನಲ್ಲಿ, ಹರಗೋಲಿನ ಮೇಲೆ ಒಂಟಿಯಾಗಿ ನಿಲ್ಲಬೇಕು. ನೆರಳಿಗೆ ನಿಲ್ಲುವುದು ಎನ್ನುತ್ತೇವೆ. ನಿಲ್ಲದ ಮೇಸ್ತ್ರಿಯ ಸೇತುವೆಯನ್ನು ಯಾರೂ ದಾಟುವುದಿಲ್ಲ. ಸಣ್ಣ ಕಮಾನುಗಳಿಗೆಲ್ಲ ಹುಲಿಗೆವ್ವ ನಿಂತಿದ್ದಾಳೆ, ಎಲೆಅಡಿಕೆ ಜಗಿಯುತ್ತ ನಿಂತಿದ್ದಾಳೆ. ಇವತ್ತು ಮಧ್ಯಾಹ್ನ ದೊಡ್ಡ ಕಮಾನಿನ ಸರದಿ. ಮೂರು ದಿನದಿಂದ ಆಸರೆಯ ತೊಲೆಗಳು ಬಾಗುತ್ತಿವೆ, ಸಂದಿಯ ಗಾರೆ ಪುಡಿಪುಡಿಯಾಗಿ ಹೊಳೆಗೆ ಉದುರುತ್ತಿದೆ. ಅವಳೂ ಅದನ್ನು ನೋಡಿದ್ದಾಳೆ. ಹೊಸ ಗಾರೆ ಹಾಗೆಯೇ ಎಂದು ಕೆಲಸದವರಿಗೆ ಹೇಳಿದ್ದಾಳೆ, ನನ್ನ ಮುಖ ನೋಡದೆ.

ಇವತ್ತು ಬೆಳಗ್ಗೆ ರೊಟ್ಟಿ ತಿನ್ನಲು ಕುಳಿತಾಗ ಅವಳ ಕೈ ಹಿಡಿದುಕೊಂಡೆ. ಬೇಡ ಎಂದು ಅತ್ತುಬಿಟ್ಟೆ. ಅವಳು ಕೈ ಬಿಡಿಸಿಕೊಳ್ಳಲಿಲ್ಲ. “ಅವ್ವಾ, ಹರಗೋಲ ಮುಳುಗಿ ಸತ್ತವರ್ನ ನೀನೂ ನೋಡಿಯಲ್ಲ. ನಾ ನಿಲ್ಲಲಿಲ್ಲಂದ್ರ ಯಾರ ದಾಟ್ತಾರ? ನಿನ್ನ ಕಣ್ಣಿಗೆ ಕಂಡದ್ದಕ್ಕ ಊರ ಸೇತುವಿ ಬಿಚ್ಚಂದ್ರ ಹೆಂಗ ಬಿಚ್ಚಲಿ? ಲಕೋಟಿ ತೋರ್ಸು. ಈ ಗಳಿಗ್ಯಾಗ ಕೆಲಸ ನಿಲ್ಲಸ್ತೀನಿ,” ಎಂದಳು. ನಂತರ ನನ್ನ ತಟ್ಟೆಗೆ ಇನ್ನಷ್ಟು ಅಗಸಿಹಿಂಡಿ ಬಡಿಸಿದಳು. ಅವಳು ಆಡಿದ ಮಾತಿಗೆ ತಪ್ಪುವವಳಲ್ಲ. ಲಕೋಟೆ ಕಂಡರೆ ಸೆಂಟ್ರಿಂಗ್ ಹಾಗೆಯೇ ಬಿಟ್ಟು, ಮೇಲಿನಿಂದ ಒಂದೊಂದೇ ಕಲ್ಲು ಇಳಿಸಿ, ಬೇಸಿಗೆ ಬಂದಾಗ ಹಳೆಯ ಮೋಟಿನ ಮೇಲೆ ಕಂಬ ಎಬ್ಬಿಸಿ ಎರಡು ಕಮಾನು ಮಾಡುತ್ತಾಳೆ. ಕಾಯುವುದು ಅವಳಿಗೆ ಗೊತ್ತು. ಊರಿಗೆ ಕಾಯಲು ಒಂದು ಕಾರಣ ಬೇಕು, ಅಷ್ಟೇ.

ಆದ್ದರಿಂದ ನನ್ನ ಬೇಡಿಕೆ ಇದು. ದೀಪಾವಳಿ ರಜೆ ನಿಮಗೆ ಇನ್ನೂ ಬಂದಿಲ್ಲವೆಂದು ನಂಬಿ ಬರೆಯುತ್ತಿದ್ದೇನೆ. ನಿಮ್ಮ ಮೇಜಿನ ಮೇಲೆ ತೊರೆನಾಳ ಸೇತುವೆಯ ಲಕೋಟೆ ಇಡಿಯಾಗಿ ಇದೆ. ಪಕ್ಕದ ಬಟ್ಟಲಲ್ಲಿ ನೀರು ತುಂಬಿದ್ದರೆ ಚೆಲ್ಲಿಬಿಡಿ. ಕತ್ತರಿ ತೆಗೆದಿದ್ದರೆ ಒಳಗೆ ಇಡಿ. ಪುಟದಲ್ಲಿ ಹಿಡಿಯದಿದ್ದರೆ ಮಡಚಿ ಇಡಿ. ಮಡಚಿದರೆ ಅದರ ಬೆಲೆ ಕಡಿಮೆಯಾಗುತ್ತದೆ ಎಂದು ನಿಮ್ಮ ಸ್ನೇಹಿತರು ಹೇಳಿಯಾರು. ಆಗಲಿ. ಸಾಧ್ಯವಾದರೆ ನೀವೇ ಒಮ್ಮೆ ಹೊಳೆದಂಡೆಗೆ ಹೋಗಿ, ಸೇತುವೆಯನ್ನು ಕಣ್ಣಾರೆ ನೋಡಿ, ಚೀಟಿಯಲ್ಲಿ ಇಲ್ಲದ್ದು ಅಲ್ಲಿ ಏನಿದೆ ಎಂದು ಅದರ ಹಿಂಬದಿಗೆ ಬರೆದಿಡಿ.

ಈ ಕಾಗದ ಬರೆಯುತ್ತ ನಡುನಡುವೆ ಪುಟ ತಿರುವಿ ನೋಡುತ್ತಿದ್ದೇನೆ. ಚೀಟಿ ಇನ್ನೂ ಒಂಟಿಯಾಗಿಯೇ ಇದೆ. ನೀವು ಕಾಗದ ಓದಿ ಲಕೋಟೆ ಉಳಿಸಿದರೆ ಈ ಪುಟ ಬದಲಾಗುತ್ತದೆಯೋ, ಅಥವಾ ನಾನು ಇಂಥ ಕಾಗದವನ್ನೇ ಬರೆಯದ ಬೇರೊಬ್ಬ ಬಾಳವ್ವನಾಗಿ, ಎಮ್ಮೆಯ ಹಾಲು ಕರೆಯುತ್ತ ಕುಳಿತಿರುತ್ತೇನೆಯೋ, ನನಗೆ ತಿಳಿಯದು. ಹಾಗಾದರೆ ಈ ಬಾಳವ್ವ ಇಲ್ಲವಾದಳೆಂದು ಮರುಗಬೇಡಿ.

ಹೊಳೆಯ ಕಡೆಯಿಂದ ಹಲಗೆ ಬಾರಿಸುವ ಸದ್ದು ಕೇಳುತ್ತಿದೆ, ಜನ ಸೇರುತ್ತಿದ್ದಾರೆ. ಆಸರೆಯನ್ನು ಬಡಿದು ಬೀಳಿಸುವ ಮರದ ಕೊಡತಿಗಳನ್ನು ಹಂಚುತ್ತಿರಬೇಕು. ಮೊದಲು ಈ ಕಾಗದವನ್ನು ಸುಳಿಗೆ ಹಾಕುತ್ತೇನೆ. ಆಮೇಲೆ ಆಲ್ಬಮ್ ಹಿಡಿದುಕೊಂಡು ಅವಳ ಹರಗೋಲಿಗೆ ಹತ್ತುತ್ತೇನೆ. ಮೇಸ್ತ್ರಿಯ ಜೊತೆ ಇನ್ನೊಬ್ಬರು ನಿಲ್ಲಬಾರದು ಎಂಬ ಪದ್ಧತಿ ಇದೆ. ತಾಯಿಯನ್ನು ಎಳೆದು ಇಳಿಸುವ ಧೈರ್ಯ ಯಾರಿಗಿದೆಯೋ ನೋಡೋಣ. ನೆರಳಿನಲ್ಲಿ ನಿಂತು ಆ ಪುಟವನ್ನು ತೆರೆದೇ ಹಿಡಿದಿರುತ್ತೇನೆ. ಲಕೋಟೆ ಬಂದರೆ ಎತ್ತಿ ತೋರಿಸಿ ಕೂಗುತ್ತೇನೆ. ಬಾರದಿದ್ದರೆ ಅವಳ ಕೈ ಹಿಡಿದುಕೊಳ್ಳುತ್ತೇನೆ.

ನಿಮಗೆ ಬೇಕಾದಷ್ಟು ಸಮಯವಿದೆ, ಪ್ರಮೀಳಮ್ಮಾ. ನಮಗೆ ಮೊದಲ ಕೊಡತಿ ಬೀಳುವವರೆಗೆ.

ಬಾಳವ್ವ