ಬೀಗ ಹಾಕಿದ ಮನೆಗಳು

ಅಮ್ಮ,

ಇವತ್ತು ನನ್ನ ವಿದ್ಯಾರ್ಥಿನಿಯೊಬ್ಬಳು ಹಳೆಯ ದಾಖಲೆಗಳಿಂದ ನಮ್ಮ ಓಣಿಯ ನಕ್ಷೆ ಹುಡುಕಿ ತಂದಳು. ವಸತಿ ಇಲಾಖೆಗೆ ನಾನು ಮಾಡಿಕೊಟ್ಟ ಮೊದಲ ಸಮೀಕ್ಷೆ ಅದು. ಹನ್ನೊಂದು ಮನೆಗಳ ಮೇಲೆ ನನ್ನದೇ ಕೈಬರಹದಲ್ಲಿ 'ಖಾಲಿ' ಎಂದಿತ್ತು.

"ಖಾಲಿ ಅಂತ ಹೇಗೆ ಗೊತ್ತಾಯ್ತು ಸರ್?"

"ಹಗಲು ಹೋದಾಗ ಬಾಗಿಲಿಗೆ ಬೀಗ ಇದ್ರೆ ಹಾಗೇ ಬರೀಬೇಕಿತ್ತಮ್ಮ."

"ಹಗಲೊತ್ತು ಜನ ಕೆಲಸಕ್ಕೆ ಹೋಗಿರ್ತಾರಲ್ವಾ?"

ಅವಳಿಗೆ ಚಹಾ ತರಿಸಿದೆ.

ಆ ನಕ್ಷೆ ನೋಡಿಯೇ ಓಣಿಯನ್ನು ಕೆಡವಿದರು. ಆ ಸಮೀಕ್ಷೆಯಿಂದಲೇ ನನಗೆ ಡಾಕ್ಟರೇಟ್ ಬಂತು. ನೀನು ಕೆಲಸ ಮಾಡುತ್ತಿದ್ದ ಗಿರಣಿಯಲ್ಲೆಲ್ಲ ಅದನ್ನು ಹೇಳಿಕೊಂಡು ಬಂದೆ.

ಹನ್ನೊಂದರಲ್ಲಿ ನಮ್ಮ ಮನೆಯೂ ಒಂದು. ನಮಗೊಂದು ನ್ಯಾಯ, ಊರಿಗೊಂದು ನ್ಯಾಯ ಬೇಡವೆಂದು ನಿಯಮದಂತೆ ಬರೆದೆ. ನೀನು ಕೆಲಸಕ್ಕೆ ಹೋಗಿದ್ದೆ. ಬೀಗದ ಕೈ ನನ್ನ ಜೇಬಿನಲ್ಲೇ ಇತ್ತು.