ನೀವು ನನ್ನ ಕೈಗೆ ಕೊಟ್ಟು ಹೋದ ಟಿಲ್ಲಿ

ಬಿಲ್ಲಿಂಗ್ಸ್, ಮೊಂಟಾನಾ
ಜನವರಿ 19, 2021

ಪ್ರಿಯ ಮಾರೆನ್ ಅವರಿಗೆ,

ವಿಮಾನ ನಿಲ್ದಾಣದ ಕೌಂಟರಿನ ಲೊರೆಟ್ಟಾ ಬರೆಯುತ್ತಿದ್ದೇನೆ. ನಿಮ್ಮ ತಂದೆಯವರು ಶನಿವಾರ ತೀರಿಕೊಂಡರೆಂದು ಮೊನ್ನೆ ಫೋನಿನಲ್ಲಿ ನೀವೇ ಹೇಳಿದಿರಿ. ಅಳುತ್ತಲೇ, "ಅವತ್ತು ನೀವು ಗದರಿಸಿ ಕಳಿಸದೇ ಇದ್ದಿದ್ರೆ ಅಪ್ಪನ ಕೈ ಹಿಡ್ಕೊಳ್ಳೋಕೂ ಆಗ್ತಿರಲಿಲ್ಲ ಮೇಡಂ, ಈ ಮೂರು ದಿನ ನೀವು ಕೊಟ್ಟಿದ್ದು" ಎಂದಿರಿ. ಟಿಲ್ಲಿ ಹೇಗಿದ್ದಾಳೆ ಎಂದಿರಿ. ಚೆನ್ನಾಗಿದ್ದಾಳೆ ಎಂದೆ. ಫೋನಿನಲ್ಲಿ ನಿಮಗೆ ಎರಡು ಸಲ ಸುಳ್ಳು ಹೇಳಿದ್ದೇನೆ, ಅದಕ್ಕೇ ಈ ಕಾಗದ. ಗಾಬರಿಯಾಗಬೇಡಿ, ಟಿಲ್ಲಿ ಜೀವಂತವಾಗಿದ್ದಾಳೆ. ಮೊದಲು ಅದನ್ನು ಓದಿಕೊಳ್ಳಿ, ಆಮೇಲೆ ಉಳಿದದ್ದು.

ಆ ಬುಧವಾರ ನಿಮಗೆಷ್ಟು ನೆನಪಿದೆಯೋ ಕಾಣೆ. ಸಿಯಾಟಲ್ ವಿಮಾನದ ಬಾಗಿಲು ಮುಚ್ಚಲು ಹನ್ನೊಂದು ನಿಮಿಷವಿತ್ತು. ನೀವು ಟಿಲ್ಲಿಯನ್ನು ಪಕ್ಕದಲ್ಲಿ ಕೂರಿಸಿ, ನಾಯಿ ಜೊತೆಗಿರಲೇಬೇಕೆಂಬ ಮನೋವೈದ್ಯರ ಪತ್ರವನ್ನು ನನ್ನ ಮುಂದಿಟ್ಟಿರಿ. ಅದನ್ನು ಬಿಡಿಸಿಯೂ ನೋಡದೆ, "ಈ ವಾರದಿಂದ ನಿಯಮ ಬದಲಾಗಿದೆ, ತರಬೇತಿ ಪಡೆದ ನಾಯಿ ಬಿಟ್ರೆ ಬೇರೆ ಯಾವುದೂ ಒಳಗೆ ಹೋಗಲ್ಲ" ಎಂದೆ. ನೀವು ಮಾಸ್ಕಿನೊಳಗಿಂದ ತಡವರಿಸುತ್ತಾ ಹೇಳಿದಿರಿ: ಕಾರು ಮಗುಚಿ ಬಿದ್ದಾಗ ಸತ್ತ ಗಂಡನ ಪಕ್ಕದಲ್ಲಿ ಹನ್ನೊಂದು ಗಂಟೆ ಸಿಕ್ಕಿಕೊಂಡಿದ್ದಿರಿ, ಅಂದಿನಿಂದ ಮುಚ್ಚಿದ ಜಾಗದಲ್ಲಿ ಟಿಲ್ಲಿ ಕಾಲ ಮೇಲೆ ಮಲಗಿದರಷ್ಟೇ ಉಸಿರು ಹದಕ್ಕೆ ಬರುತ್ತದೆ, ಟಕೋಮಾದಲ್ಲಿ ಅಪ್ಪನಿಗೆ ಹೆಚ್ಚು ದಿನವಿಲ್ಲ, ಘಾಟಿ ರಸ್ತೆ ಹಿಮಕ್ಕೆ ಮುಚ್ಚಿದೆ. ಹಿಂದಿನ ಸಾಲಿನಲ್ಲೊಬ್ಬ, "ಎಲ್ರಿಗೂ ಒಂದೊಂದು ಕಥೆ ಇರುತ್ತೆ ಕಣಮ್ಮ, ಸರೀರಿ" ಎಂದ. ನಾನು ಅವನ ಬಾಯಿ ಮುಚ್ಚಿಸಲಿಲ್ಲ. "ನಾಯೀನಾದ್ರೂ ಬಿಡಿ, ವಿಮಾನಾನಾದ್ರೂ ಬಿಡಿ. ಅಪ್ಪನ್ನ ನೋಡ್ಬೇಕು ಅಂದ್ರೆ ಹೊರಡಿ" ಎಂದು ನಿಮ್ಮನ್ನೇ ಗದರಿದೆ. ನೀವು ಟಿಲ್ಲಿಯ ಹಗ್ಗವನ್ನು ನನ್ನ ಕೈಗೆ ತುರುಕಿ, ಗೋಡೆ ಹಿಡಿದುಕೊಂಡು ಒಳಗೆ ನಡೆದಿರಿ.

ನನಗೆ ನಾಯಿ ಎಂದರೆ ಹೆದರಿಕೆ, ಮಾರೆನ್. ಎರಡು ವರ್ಷದ ಹಿಂದೆ ಅದೇ ಕೌಂಟರಿನಲ್ಲಿ, ದುಡ್ಡು ಕೊಟ್ಟು ತಂದ ಸುಳ್ಳು ಪತ್ರದ ನಾಯಿಯೊಂದು ನನ್ನ ಮೊಣಕೈಗೆ ಬಾಯಿ ಹಾಕಿತು. ಒಂಬತ್ತು ಹೊಲಿಗೆ. ಅವತ್ತಿನಿಂದ, ಆಸರೆಯ ನಾಯಿ ಎಂದು ಕೆಂಪು ಜಾಕೀಟು ತೊಡಿಸಿದ ನಾಯಿ ಬಂದರೆ ಅದರ ಜೊತೆಗಿರುವ ಮನುಷ್ಯರ ಮುಖ ನನಗೆ ಕಾಣುವುದಿಲ್ಲ. ಪಾಳಿ ಮುಗಿಸಿ ನಾಲ್ಕು ಗಂಟೆಗೆ ಕಾರಿನ ಬಳಿ ಹೋಗುವಾಗಲೂ, ಟಿಲ್ಲಿಯ ಬಾಯಿ ಹತ್ತಿರ ಬರಬಾರದೆಂದು ಹಗ್ಗದ ತುದಿಯನ್ನು ಎರಡೇ ಬೆರಳಲ್ಲಿ ಹಿಡಿದಿದ್ದೆ. ಹಿಮ ತಳ್ಳುವ ಲಾರಿ ಹಾರ್ನ್ ಹೊಡೆಯಿತು. ಬೆರಳು ಖಾಲಿಯಾಯಿತು. ಕಣ್ಣು ಮಿಟುಕಿಸುವಷ್ಟರಲ್ಲಿ ಅವಳು ರಸ್ತೆ ದಾಟಿ ಬಂಡೆಗಳ ಕಡೆ ಓಡಿದ್ದಳು.

ನಮ್ಮ ನಿಲ್ದಾಣ ಊರಿನ ನೆತ್ತಿಯ ಮೇಲಿದೆಯಲ್ಲ, ರಸ್ತೆಯಾಚೆ ಕಡಿದಾದ ಕಮರಿ. ಕತ್ತಲಾಗುವವರೆಗೆ ಹುಡುಕಿದೆ, ಸಿಗಲಿಲ್ಲ. ಗುರುವಾರ ಸಂಜೆ ನೀವು ಫೋನ್ ಮಾಡಿದಾಗ ನಾನು ಆ ಕಮರಿಯ ಅಂಚಿನಲ್ಲೇ ನಿಂತಿದ್ದೆ. "ಹೀಟರ್ ಮುಂದೆ ಮಲ್ಕೊಂಡಿದ್ದಾಳೆ, ಊಟ ಮಾಡಿದ್ಲು" ಎಂದೆ. "ಅದೇನು ಸದ್ದು?" ಎಂದು ಕೇಳಿದಿರಿ. "ಟಿವಿ" ಎಂದೆ. ಅದು ಗಾಳಿ. ನೀವು ಅಪ್ಪನ ಮಂಚದ ಪಕ್ಕದಲ್ಲಿದ್ದಿರಿ, ಅಲ್ಲಿಂದ ನಿಮ್ಮನ್ನು ಎಬ್ಬಿಸಲು ಮನಸ್ಸಾಗಲಿಲ್ಲ ಎಂದು ಬರೆಯಬಹುದು. ಅರ್ಧ ನಿಜ. ಇನ್ನರ್ಧ ಬರೀ ಹೇಡಿತನ.

ಶುಕ್ರವಾರ ಬೆಳಿಗ್ಗೆ, ನಮ್ಮಲ್ಲಿ ಸಾಮಾನು ಇಳಿಸುವ ಗ್ಲೆನ್‌ಗೆ ಹಿಮದಲ್ಲಿ ಹೆಜ್ಜೆ ಗುರುತು ಕಂಡಿತು. ಟಿಲ್ಲಿ ಎರಡಾಳು ಕೆಳಗೆ, ಒಂದು ಮೊಳ ಅಗಲದ ಚಾಚುಗಲ್ಲಿನ ಮೇಲೆ ಮುದುಡಿಕೊಂಡಿದ್ದಳು. ಹಗ್ಗ ಪೊದೆಗೆ ಸಿಕ್ಕಿತ್ತು. ಗ್ಲೆನ್ ಹೆಣಭಾರದವನು, ಅವನು ಕಾಲಿಟ್ಟರೆ ಕಲ್ಲೇ ಕಳಚುತ್ತಿತ್ತು. "ನಾಯಿ ಕಂಡ್ರೆ ಮಾರು ದೂರ ಹಾರೋಳು ನೀನು, ಇಳೀತೀಯಾ?" ಎಂದ. "ಮಾತು ಸಾಕು, ಸೊಂಟಕ್ಕೆ ಕಟ್ಟು" ಎಂದೆ. ಐವತ್ತೆಂಟರ ಹೆಂಗಸು ಹಗ್ಗ ಕಟ್ಟಿಸಿಕೊಂಡು ಇಳಿದೆ, ಮೇಲೆ ಗ್ಲೆನ್ ಮತ್ತು ಅವನ ಜೊತೆಯ ಕೆಲಸಗಾರರು ತುದಿ ಹಿಡಿದಿದ್ದರು. ನಾನು ಕೈ ಚಾಚಿದೆ. ಅವಳು ಹಲ್ಲು ಕಿರಿದು ಗುರ್ರೆಂದು ಹಿಂದೆ ಸರಿದಳು. ಹಿಂಗಾಲೊಂದು ಅಂಚಿನಿಂದ ಆಚೆ ಜಾರಿತು. ನನ್ನ ಮೊಣಕೈ ತಾನಾಗಿಯೇ ಹಿಂದಕ್ಕೆ ಬಂತು. ಏನು ಹೇಳಬೇಕೆಂದು ತೋಚದೆ, "ಮಾರೆನ್ ಬರ್ತಾಳಮ್ಮ, ಮಾರೆನ್" ಎಂದೆ. ಅವಳ ಕಿವಿ ನಿಮಿರಿತು. ಆ ಒಂದು ಗಳಿಗೆಯಲ್ಲಿ ಕೊರಳಪಟ್ಟಿ ಹಿಡಿದೆ. ನನ್ನ ತೋಳನ್ನು ಬಾಯಲ್ಲಿ ಕಚ್ಚಿ ಹಿಡಿದಳು, ಆದರೆ ಹಲ್ಲೂರಲಿಲ್ಲ. ಹಾಗೇ ನಮ್ಮಿಬ್ಬರನ್ನೂ ಮೇಲೆಳೆದರು.

ಎಡ ಹಿಂಗಾಲಿನ ಎರಡು ಬೆರಳು ಚಳಿಗೆ ಸತ್ತುಹೋಗಿದ್ದವು. ಡಾಕ್ಟರು ತೆಗೆದರು. ಕುಂಟುತ್ತಾಳೆ, ವಸಂತಕ್ಕೆಲ್ಲ ಓಡುತ್ತಾಳೆ ಎಂದಿದ್ದಾರೆ. ಈಗ ಈ ಮೇಜಿನ ಕೆಳಗೆ ನನ್ನ ಕಾಲ ಮೇಲೆ ಮಲಗಿದ್ದಾಳೆ. ಇದು ಸುಳ್ಳಲ್ಲ.

ನಿಮ್ಮ ವಾಪಸು ಟಿಕೆಟ್ ಸೋಮವಾರಕ್ಕಿದೆ. ಮತ್ತೆ ಒಬ್ಬರೇ ಆ ವಿಮಾನದಲ್ಲಿ ಕೂರಬೇಕಾಗಿಲ್ಲ. ಘಾಟಿ ರಸ್ತೆ ತೆರೆದಿದೆ. ನೀವು ಹ್ಞೂಂ ಎಂದರೆ ಟಿಲ್ಲಿಯನ್ನು ಕಾರಿನಲ್ಲಿ ಕರೆದುಕೊಂಡು ಟಕೋಮಾಕ್ಕೇ ಬರುತ್ತೇನೆ. ನನ್ನ ಮುಖ ನೋಡಲು ಮನಸ್ಸಿಲ್ಲದಿದ್ದರೆ ಗ್ಲೆನ್ ಬರುತ್ತಾನೆ.

ಇಂತು, ನಿಮ್ಮ ಕ್ಷಮೆಗೆ ಇನ್ನೂ ಅರ್ಹಳಲ್ಲದ
ಲೊರೆಟ್ಟಾ ಪ್ರೂಯಿಟ್

ತಾ.ಕ.: ಸಹಿ ಹಾಕಿ ಲಕೋಟೆ ಅಂಟಿಸಿದ್ದೆ, ಮತ್ತೆ ಹರಿದೆ. ನಿಮ್ಮ ಕೃತಜ್ಞತೆಯನ್ನು ಇಟ್ಟುಕೊಳ್ಳುವ ಯೋಗ್ಯತೆ ನನಗಿಲ್ಲ. ನಮ್ಮ ಕಂಪನಿಯ ಸುತ್ತೋಲೆಯ ಪ್ರತಿ ಜೊತೆಗಿದೆ, ನಾಲ್ಕನೇ ಸಾಲು ನೋಡಿ. ಹೊಸ ವರ್ಷಕ್ಕೆ ಮೊದಲು ಟಿಕೆಟ್ ಕೊಂಡವರು, ವೈದ್ಯರ ಪತ್ರವಿದ್ದರೆ, ಫೆಬ್ರವರಿ ಕೊನೆಯವರೆಗೆ ನಾಯಿಯನ್ನು ಜೊತೆಗೆ ಕರೆದೊಯ್ಯಬಹುದು. ನಿಮ್ಮ ಟಿಕೆಟ್ ಡಿಸೆಂಬರ್ ಹತ್ತೊಂಬತ್ತರದು. ಆ ದಿನ ಕಂಪ್ಯೂಟರ್ ತೆರೆಯ ಮೇಲೆ ಆ ತಾರೀಖು ನನಗೆ ಕಂಡಿತ್ತು. ಸುತ್ತೋಲೆಯನ್ನೂ ಅದಾಗಲೇ ಓದಿದ್ದೆ.